ಜುಟ್ಟು ಯಾರ ಕೈಲಿದೆ?

ನಮ್ಮ ಮನೆಯ ಹಳೇ ಆಲ್ಬಮ್ಮಿನಲ್ಲಿ ನನ್ನದೊಂದು ಫೋಟೋ ಇದೆ. ಆಗ ನನಗೆ ಮೂರು ವರ್ಷ. ಲಂಗ ತೊಡಿಸಿ, ಮೊಗ್ಗಿನ ಜಡೆ ಹಾಕಿ, ಸ್ಟುಡಿಯೋದ ಸ್ಟೂಲಿನ ಮೇಲೆ ನಿಲ್ಲಿಸಿದ್ದಾರೆ. ಜಡೆ ಕಾಣಲಿ ಅಂತ ಬೆನ್ನ ಹಿಂದೆ ಕನ್ನಡಿ ಇಟ್ಟಿದ್ದಾರೆ. ಮುಖ ಮಾತ್ರ ಅಳುಮೋರೆ. ಮುಂದಿನ ವಾರವೇ ನಂಜನಗೂಡಿಗೆ ಕರೆದುಕೊಂಡು ಹೋಗಿ ಮುಡಿ ಕೊಟ್ಟರಂತೆ. ಹಳೇ ಮೈಸೂರಿನ ಕಡೆಯವರಿಗೆ ಇದು ಹೊಸದೇನಲ್ಲ. ಗಂಡು ಮಗುವಿನ ಮುಡಿ ತೆಗೆಸುವ ಮುಂಚೆ ಒಂದು ಸಲ ಜಡೆ ಹಾಕಿ, ಹೂ ಮುಡಿಸಿ, ಫೋಟೋ ತೆಗೆಸುವುದು ಎಷ್ಟೋ ಮನೆಗಳ ರೂಢಿ.

ಇಪ್ಪತ್ತೆಂಟನೇ ವಯಸ್ಸಿನಲ್ಲಿ ನಾನೇ ಕೂದಲು ಬಿಟ್ಟೆ. ಕಾರಣ ಏನೂ ಇರಲಿಲ್ಲ, ಸುಮ್ನೆ. ಭುಜ ದಾಟಿ ಇಳಿಯಿತು. ನೆಂಟರ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಕೂತಿದ್ದಾಗ ದೊಡ್ಡಮ್ಮ ಕೋಸಂಬರಿ ಬಡಿಸುತ್ತಾ ಬಂದರು. ನನ್ನ ಎಲೆಯ ಮುಂದೆ ನಿಂತು, "ಏನೋ ಇದು ಅವತಾರ?" ಅಂದರು. ಪಕ್ಕದಲ್ಲಿದ್ದ ಮಾವ, "ಹೆಣ್ಣು ಯಾರು ಕೊಡ್ತಾರೆ ಇವನಿಗೆ" ಅಂತ ದನಿಗೂಡಿಸಿದರು. ನನಗೇನು ತೋಚಿತೋ, "ಹರಕೆ ಇದೆ ದೊಡ್ಡಮ್ಮ" ಅಂದುಬಿಟ್ಟೆ. ಶುದ್ಧ ಸುಳ್ಳು. ದೊಡ್ಡಮ್ಮನ ಮುಖವೇ ಬದಲಾಯಿತು. "ಹೌದೇನೋ? ಮೊದಲೇ ಹೇಳಬಾರದಾ" ಅಂದರು. ಎಲೆಗೆ ಇನ್ನೊಂದು ಹಿಡಿ ಕೋಸಂಬರಿ ಬಿತ್ತು. ಮಾವ ತಲೆ ಬಗ್ಗಿಸಿ ಊಟ ಮುಂದುವರಿಸಿದರು.

ಕೂದಲು ಒಂದಿಂಚೂ ಕಡಿಮೆಯಾಗಿರಲಿಲ್ಲ. ಆದರೂ ಅರ್ಧ ನಿಮಿಷದಲ್ಲಿ ಅದು ತಪ್ಪಿನಿಂದ ಪುಣ್ಯವಾಗಿಬಿಟ್ಟಿತ್ತು.

ಗಂಡಸರ ಉದ್ದ ಕೂದಲಿನ ಬಗ್ಗೆ ಮಾತಾಡುವಾಗ ನಾವು ಉದ್ದವನ್ನೇ ಅಳೆಯುತ್ತಾ ಕೂರುತ್ತೇವೆ. ಆ ಕೂದಲು ಯಾರ ಲೆಕ್ಕದಲ್ಲಿ ಬೆಳೆದಿದೆ ಅಂತ ನೋಡಿದರೆ ಮಾತ್ರ ವಿಷಯ ತಿಳಿಯುವುದು. ದೇವರ ಲೆಕ್ಕವೋ, ಜಾತಿಯದೋ, ಮಠದ್ದೋ, ಸ್ಕೂಲಿನದೋ? ಒಬ್ಬನ ಮೇಲೆ ಹಿಡಿತ ಇದೆ ಅನ್ನುವುದಕ್ಕೆ ಕನ್ನಡದಲ್ಲಿ ‘ಅವನ ಜುಟ್ಟು ನನ್ನ ಕೈಲಿದೆ’ ಅನ್ನುತ್ತೇವೆ. ಆ ಮಾತನ್ನು ಅಕ್ಷರಶಃ ತೆಗೆದುಕೊಂಡು ನೋಡೋಣ.

ಈಗ ಜುಟ್ಟು ಅಂದ ತಕ್ಷಣ ಪುರೋಹಿತರು ಕಣ್ಣ ಮುಂದೆ ಬರುತ್ತಾರೆ. ನೂರೈವತ್ತು ವರ್ಷದ ಹಿಂದೆ ಹಾಗಿರಲಿಲ್ಲ. ದಕ್ಷಿಣ ಭಾರತದಲ್ಲಿ ಬೇಸಾಯಗಾರ, ನೇಕಾರ, ವ್ಯಾಪಾರಿ ಅಂತ ನಾನಾ ಜಾತಿಯ ಹಿಂದೂ ಗಂಡಸರ ತಲೆಯಲ್ಲಿ ಒಂದಲ್ಲ ಒಂದು ಬಗೆಯ ಜುಟ್ಟು ಇರುತ್ತಿತ್ತು. ತಮಿಳರು ಕುಡುಮಿ ಅಂದರು. ನಮ್ಮಲ್ಲಿ ಜುಟ್ಟು, ಚಂಡಿಕೆ, ಸಂಸ್ಕೃತ ಬಂದವರಿಗೆ ಶಿಖೆ. ಮುಂದಲೆ, ಕಿವಿಯ ಮೇಲೆ, ಕತ್ತಿನ ಹಿಂದೆ, ಹೀಗೆ ಸುತ್ತಲೂ ಕತ್ತಿಯಿಂದ ಬೋಳಿಸಿ, ನೆತ್ತಿಯ ಹಿಂದಿನ ಕೂದಲನ್ನು ಮಾತ್ರ ಬೆಳೆಯಲು ಬಿಡುವುದು ಸಾಮಾನ್ಯ ವಿಧಾನ. ಚಿದಂಬರದ ದೀಕ್ಷಿತರ ಹಾಗೆ ಮುಂದಕ್ಕೋ ಪಕ್ಕಕ್ಕೋ ಗಂಟು ಹಾಕುವವರೂ ಇದ್ದಾರೆ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಅದನ್ನು ಹೇಳುವಾಗ ನಾವು ಯಾವಾಗಲೂ ಹಿಟ್ಟಿನ ಬಗ್ಗೆ ಯೋಚಿಸುತ್ತೇವೆ. ಜುಟ್ಟಿಗೆ ಹೂವು ಮುಡಿಯುವ ಶೋಕಿಯೂ ಒಂದು ಕಾಲಕ್ಕೆ ಇತ್ತು ಅಂತ ಗಮನಿಸುವುದೇ ಇಲ್ಲ, ಅಲ್ವಾ?

ನಮ್ಮ ತಾತನ ಜುಟ್ಟನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸ್ನಾನ ಆದ ಮೇಲೆ ಜಗಲಿಯಲ್ಲಿ ಕೂತು ಬಿಚ್ಚುತ್ತಿದ್ದರು. ಅರ್ಧ ಬೆನ್ನಿಗೆ ಬರುತ್ತಿತ್ತು, ಆದರೆ ಇಲಿಬಾಲದಷ್ಟೇ ದಪ್ಪ. ಬೆರಳಿನಿಂದಲೇ ಸಿಕ್ಕು ಬಿಡಿಸಿ, ತುದಿಯ ನೀರು ಹಿಂಡಿ, ಎರಡು ಬೆರಳಿಗೆ ಸುತ್ತಿ ಸರಕ್ಕನೆ ಎಳೆದರೆ ಗಂಟು ಬಿದ್ದಿರುತ್ತಿತ್ತು. ಕನ್ನಡಿ ಬೇಕಿರಲಿಲ್ಲ. ಬಿಚ್ಚಿದ ಜುಟ್ಟಿನಲ್ಲಿರುವಾಗ ಯಾರಾದರೂ ಬಾಗಿಲಿಗೆ ಬಂದರೆ ಮಾತ್ರ ಗಡಿಬಿಡಿ. ಕಟ್ಟಿದ ಜುಟ್ಟು ಮರ್ಯಾದೆ, ಬಿಚ್ಚಿದ ಜುಟ್ಟು ಸೂತಕ ಇಲ್ಲವೇ ಸಿಟ್ಟು. ನಂದರನ್ನು ಕಿತ್ತೊಗೆಯುವ ತನಕ ಜುಟ್ಟು ಕಟ್ಟುವುದಿಲ್ಲ ಅಂದ ಚಾಣಕ್ಯನ ಕಥೆ ಹೇಳುತ್ತಲೇ ತಾತ ಗಂಟು ಬಿಗಿಯುತ್ತಿದ್ದರು.

ಅದೇ ಜಗಲಿಯ ಒಳಬಾಗಿಲಲ್ಲಿ ತಾತನ ಸೋದರತ್ತೆ ಕೂತಿರುತ್ತಿದ್ದರಂತೆ. ಕೆಂಪು ಸೀರೆ, ಬೋಳು ತಲೆ. ಗಂಡ ಸತ್ತಾಗ ಅವರಿಗೆ ಹದಿನಾರು ವರ್ಷ. ಗಂಡಸಿನ ಜುಟ್ಟು ಊರ ಕೈಯಲ್ಲಿದ್ದರೆ ಹೆಂಗಸಿನ ತಲೆ ಪೂರ್ತಿಯಾಗಿ ಊರಿನವರ ಕೈಯಲ್ಲಿತ್ತು. ಅದು ಬೇರೆಯೇ ಕಥೆ, ಇದಕ್ಕಿಂತ ಕ್ರೂರವಾದದ್ದು.

ಇನ್ನೂ ಹಿಂದಕ್ಕೆ ಹೋದರೆ ಕಲ್ಲುಗಳು ಮಾತಾಡುತ್ತವೆ. ಊರಾಚೆಯ ವೀರಗಲ್ಲುಗಳನ್ನು ನೋಡಿ. ಕತ್ತಿ ಹಿಡಿದು ನಿಂತ ಎಷ್ಟೋ ವೀರರ ತಲೆಯಲ್ಲಿ ಚೆಂದದ ತುರುಬು ಇರುತ್ತದೆ. ತುರುಬು ಹೆಂಗಸರದ್ದು ಅನ್ನುವ ಕಲ್ಪನೆ ಆ ಶಿಲ್ಪಿಗೆ ಇರಲೇ ಇಲ್ಲ. ಇನ್ನೂ ಒಳ್ಳೆಯ ಉದಾಹರಣೆ ಬಾಹುಬಲಿ. ಬಾದಾಮಿಯ ಜೈನ ಗುಹೆಯಲ್ಲಿರುವ ಬಾಹುಬಲಿಗೆ ಕೂದಲೆಳೆಗಳು ಭುಜದ ಮೇಲೆ ಇಳಿಬಿದ್ದಿವೆ. ಶ್ರವಣಬೆಳಗೊಳದಲ್ಲಿ 981ರ ಸುಮಾರಿಗೆ ಕಡೆದ 58 ಅಡಿಯ ಬಾಹುಬಲಿಗೆ ತಲೆಗಂಟಿದ ಸಣ್ಣ ಗುಂಗುರು. ಅದೇ ವ್ಯಕ್ತಿ, ಅದೇ ತಪಸ್ಸು. ಬಳ್ಳಿ ಹಬ್ಬುವಷ್ಟು ಕಾಲ ನಿಂತವನಿಗೆ ಕೂದಲು ಬೆಳೆಯದೇ ಇರುತ್ತದೆಯೇ ಅಂತ ಬಾದಾಮಿಯ ಶಿಲ್ಪಿ ಯೋಚಿಸಿರಬೇಕು. ಬೆಳಗೊಳದ ಹೊತ್ತಿಗೆ ಆ ಕೂದಲು ಮೂರ್ತಿಯಿಂದ ಹೋಗಿತ್ತು. ಜೈನ ದಿಗಂಬರ ಮುನಿಗಳು ಕತ್ತಿ ಮುಟ್ಟುವುದಿಲ್ಲ. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ತಲೆ, ಗಡ್ಡದ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಅದಕ್ಕೆ ಕೇಶಲೋಚ ಅನ್ನುತ್ತಾರೆ. ಕ್ಷೌರಿಕನ ಹಂಗೂ ಬೇಡ, ಬಾಚಣಿಗೆಯ ಹಂಗೂ ಬೇಡ.

ಹಿಂದೂ ಸಂಪ್ರದಾಯದಲ್ಲಿ ಕೂದಲಿನ ಲೆಕ್ಕಾಚಾರ ಸ್ವಲ್ಪ ಜಟಿಲ. ಚೌಲದಲ್ಲಿ ಮಗುವಿನ ತಲೆ ತೆಗೆಸಿ ಶಿಖೆ ಬಿಡುತ್ತಾರೆ. ಅಲ್ಲಿಂದ ಅವನು ಮನೆತನದ, ಗೋತ್ರದ ಲೆಕ್ಕಕ್ಕೆ ಸೇರಿದ. ಅವನೇ ಮುಂದೆ ಸನ್ಯಾಸಿಯಾದರೆ ಶಿಖೆಯನ್ನೂ ಜನಿವಾರವನ್ನೂ ತೆಗೆದುಹಾಕುತ್ತಾರೆ. ಶೃಂಗೇರಿಯ ಅದ್ವೈತ ಯತಿಗಳಿಗೂ ಉಡುಪಿಯ ಮಾಧ್ವ ಯತಿಗಳಿಗೂ ಇದೇ ಕ್ರಮ. ಮೇಲುಕೋಟೆಗೆ ಹೋದರೆ ಲೆಕ್ಕ ತಪ್ಪುತ್ತದೆ. ಶ್ರೀವೈಷ್ಣವ ಜೀಯರ್‌ಗಳು ಸನ್ಯಾಸ ತೆಗೆದುಕೊಂಡರೂ ಶಿಖೆ, ಜನಿವಾರ ಎರಡನ್ನೂ ಉಳಿಸಿಕೊಳ್ಳುತ್ತಾರೆ. ಕರ್ಮ ಬಿಡುವ ಹಾಗಿಲ್ಲ ಅನ್ನುವುದು ಅವರ ಸಿದ್ಧಾಂತ. ಹಾಗಾಗಿ ಕರ್ಮದ ಗುರುತಾದ ಶಿಖೆಯನ್ನೂ ಬಿಡುವ ಹಾಗಿಲ್ಲ. ಒಂದು ದೊಡ್ಡ ದಾರ್ಶನಿಕ ಜಗಳ ನೆತ್ತಿಯ ಮೇಲೆ ಹೀಗೆ ಕೂತಿದೆ.

ಇನ್ನೊಂದು ತುದಿಯಲ್ಲಿ ಜಟೆ. ವಾಲ್ಮೀಕಿ ರಾಮಾಯಣದಲ್ಲಿ ರಾಮ ಕಾಡಿಗೆ ಹೊರಟಾಗ ಗುಹನಿಂದ ಆಲದ ಹಾಲು ತರಿಸುತ್ತಾನೆ. ಅದನ್ನು ಹಚ್ಚಿ ತಾನೂ ಲಕ್ಷ್ಮಣನೂ ಜಟೆ ಕಟ್ಟಿಕೊಳ್ಳುತ್ತಾರೆ. ಹದಿನಾಲ್ಕು ವರ್ಷ ಕಳೆದು ಅಯೋಧ್ಯೆಗೆ ಬಂದಾಗ ಮೊದಲ ಕೆಲಸ ಜಟೆ ಬಿಡಿಸುವುದು, ಆಮೇಲೆ ಪಟ್ಟ. ಊರು ಬಿಟ್ಟಾಗ ಕೂದಲು ಜಡೆಗಟ್ಟಬೇಕು, ಊರಿಗೆ ಬಂದಾಗ ಓರಣವಾಗಬೇಕು. ಸಿ. ಆರ್. ಹಾಲ್‌ಪೈಕ್ ಅನ್ನುವ ಮಾನವಶಾಸ್ತ್ರಜ್ಞ 1969ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಉದ್ದ ಕೂದಲು ಸಮಾಜದ ಹೊರಗಿರುವುದರ ಗುರುತು, ಕತ್ತರಿಸಿದ ಕೂದಲು ಶಿಸ್ತಿಗೆ ಒಳಪಟ್ಟಿರುವುದರ ಗುರುತು. ಸೈನಿಕ, ಕೈದಿ, ಮಠದ ಸನ್ಯಾಸಿ ಮೂವರ ತಲೆಯೂ ಒಂದೇ ಥರ ಇರುವುದು ಸುಮ್ನೆ ಅಲ್ಲ. ಸವದತ್ತಿ ಕಡೆ ಯಾರದಾದರೂ ಕೂದಲು ತಾನಾಗೇ ಗಂಟು ಕಟ್ಟಿದರೆ ಎಲ್ಲಮ್ಮ ಕರೆದಳು ಅನ್ನುತ್ತಿದ್ದರು. ಎಣ್ಣೆ, ಸೀಗೆಕಾಯಿ ಕಾಣದ ತಲೆ ಹಾಗಾಗುತ್ತದೆ ಅನ್ನುವುದು ಆಮೇಲಿನ ಮಾತು.

ಹಾಲ್‌ಪೈಕ್ ಲೆಕ್ಕಕ್ಕೆ ಸಿಗದವರೂ ಇದ್ದಾರೆ. 1699ರ ಬೈಸಾಖಿಯ ದಿನ ಆನಂದಪುರದಲ್ಲಿ ಗುರು ಗೋಬಿಂದ ಸಿಂಗರು ಖಾಲ್ಸಾ ಅನ್ನುವ ಸಿಖ್ಖರ ಪಂಥ ಕಟ್ಟಿದರು. ಸಿಖ್ಖರಿಗೆ ಕತ್ತರಿಸದ ಕೇಶ ಅಂದರೇ ಶಿಸ್ತು. ಸುಮ್ನೆ ಬಿಟ್ಟ ಕೂದಲಲ್ಲ ಅದು, ದಿನಾ ಬಾಚಿ, ಗಂಟು ಕಟ್ಟಿ, ಪಗಡಿ ಸುತ್ತಬೇಕು. ಅಂದು ತಲೆ ಕೊಡುವವರು ಯಾರಿದ್ದೀರಿ ಅಂತ ಗುರುಗಳು ಕೇಳಿದಾಗ ಮೊದಲು ಎದ್ದು ನಿಂತ ಐವರಲ್ಲಿ ಒಬ್ಬರು ಭಾಯಿ ಸಾಹಿಬ್ ಸಿಂಗ್, ನಮ್ಮ ಬೀದರಿನವರು. ಕಸುಬು? ಕ್ಷೌರ! ಊರಿನವರ ಕೂದಲು ತೆಗೆಯುತ್ತಿದ್ದ ಬೀದರಿನ ಮನುಷ್ಯ ಕೂದಲು ಮುಟ್ಟದ ಪಂಥದ ಮೊದಲ ಐವರಲ್ಲಿ ಒಬ್ಬರಾದರು. ನನಗೆ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ಬೇರೆ ಧರ್ಮಗಳಲ್ಲೂ ಗೋಜಲು ಕಡಿಮೆಯೇನಿಲ್ಲ. ಹಜ್ ಯಾತ್ರೆ ಮುಗಿಸುವಾಗ ಮುಸ್ಲಿಂ ಗಂಡಸರು ತಲೆ ಬೋಳಿಸುತ್ತಾರೆ ಇಲ್ಲವೇ ಕೂದಲು ಮೊಟಕು ಮಾಡಿಸುತ್ತಾರೆ. ಆದರೆ ಪ್ರವಾದಿಯವರ ಕೂದಲು ಭುಜದ ತನಕ ಇತ್ತು ಅನ್ನುವ ಹದೀಸ್‌ಗಳೂ ಇವೆ. ಬೈಬಲ್‌ನಲ್ಲಿ ಸಂಸೋನನ ಬಲವೆಲ್ಲ ಕತ್ತರಿಸದ ಕೂದಲಿನಲ್ಲಿತ್ತು. ಅದೇ ಬೈಬಲ್‌ನಲ್ಲಿ ಪೌಲನು ಕೊರಿಂಥದವರಿಗೆ ಬರೆಯುತ್ತಾ, ಗಂಡಸು ಕೂದಲು ಬೆಳೆಸುವುದು ಅವಮಾನ ಅಂದ. ಆ ಮಾತನ್ನು ಓದುವ ಎಷ್ಟೋ ಮನೆಗಳ ಗೋಡೆಯ ಮೇಲೆ ಭುಜದವರೆಗೆ ಕೂದಲಿರುವ ಯೇಸುವಿನ ಪಟ ಇರುತ್ತದೆ.

ಕ್ರೈಸ್ತರ ಮಾತು ಬಂದಾಗ ಒಂದು ವಿಚಿತ್ರ ಹೇಳಲೇಬೇಕು. ನಮ್ಮ ಜುಟ್ಟಿನ ವ್ಯಾಜ್ಯ ರೋಮಿನವರೆಗೂ ಹೋಗಿತ್ತು. 17ನೇ ಶತಮಾನದ ಶುರುವಿನಲ್ಲಿ ಮದುರೆಯಲ್ಲಿದ್ದ ಇಟಲಿಯ ಪಾದ್ರಿ ರೊಬೆರ್ತೊ ಡಿ ನೊಬಿಲಿ, ಕ್ರೈಸ್ತರಾದ ಬ್ರಾಹ್ಮಣರು ಜುಟ್ಟು, ಜನಿವಾರ, ಗಂಧ ಉಳಿಸಿಕೊಳ್ಳಲಿ ಅಂದರು. ಇವು ನಾಡಿನ ರೂಢಿ, ಪೂಜೆಯಲ್ಲ ಅನ್ನುವುದು ಅವರ ವಾದ. ಬೇರೆ ಪಾದ್ರಿಗಳು ಹೌಹಾರಿದರು. 1619ರಲ್ಲಿ ಗೋವಾದಲ್ಲಿ ಸಭೆ ಸೇರಿ ಜಗಳವಾಯಿತು. ಕೊನೆಗೆ 1623ರಲ್ಲಿ ಪೋಪ್ 15ನೇ ಗ್ರೆಗರಿ ಕೆಲವು ಷರತ್ತು ಹಾಕಿ, ಜುಟ್ಟು ಇರಲಿ ಅಂತ ಆಜ್ಞೆ ಹೊರಡಿಸಿದರು. ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ಯೂಟ್ ಪಾದ್ರಿಗಳೂ ಇದೇ ದಾರಿ ಹಿಡಿದು ಸನ್ಯಾಸಿ ವೇಷ ತೊಟ್ಟರು. ಎರಡು ಶತಮಾನ ಕಳೆದ ಮೇಲೆ ಪ್ರಾಟೆಸ್ಟೆಂಟರಿಗೂ ಇದೇ ತಲೆನೋವು. ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ 1860ರ ದಶಕದಲ್ಲಿ ಕುಡುಮಿಯ ಬಗ್ಗೆಯೇ ಒಂದು ಪ್ರಬಂಧ ಬರೆದರು. ಅದು ಧರ್ಮದ ಗುರುತಲ್ಲ, ಸಾಮಾಜಿಕ ರೂಢಿ ಅಂತ ಅವರೂ ವಾದಿಸಿದರು. ಕ್ರೈಸ್ತನಾಗಬೇಕಾದರೆ ಮೊದಲು ಜುಟ್ಟು ಕತ್ತರಿಸು ಅನ್ನುವ ಪಾದ್ರಿಗಳು ಆಗ ಬೇಕಾದಷ್ಟಿದ್ದರು.

ಹಾಗೆ ನೋಡಿದರೆ ಜುಟ್ಟನ್ನು ನಿಜವಾಗಿ ಕತ್ತರಿಸಿದ್ದು ಪಾದ್ರಿಗಳಲ್ಲ. ಇಂಗ್ಲಿಷ್ ಶಾಲೆ, ಕಚೇರಿ, ಮತ್ತೆ ಮುಜುಗರ. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 1888ರಲ್ಲಿ ಇಂಗ್ಲೆಂಡಿಗೆ ಹೊರಡುವ ಮುಂಚೆ ಶಿಖೆ ತೆಗೆಸಿದರು. ಬರಿತಲೆಯಲ್ಲಿ ನಿಂತರೆ ಇಂಗ್ಲಿಷರು ನಗುತ್ತಾರೆ ಅನ್ನುವ ಭಯ. ಅದು ಹೇಡಿತನ ಅಂತ ಅವರೇ ಒಪ್ಪಿಕೊಳ್ಳುತ್ತಾರೆ. 1915ರ ಕುಂಭಮೇಳದ ಹೊತ್ತಿಗೆ ಹೃಷೀಕೇಶದಲ್ಲಿ ಸ್ವಾಮಿಯೊಬ್ಬರು, ಹಿಂದೂವಾದ ನಿಮಗೆ ಶಿಖೆಯೂ ಇಲ್ಲ, ಜನಿವಾರವೂ ಇಲ್ಲವಲ್ಲ ಅಂತ ಕೇಳಿದರು. ಗಾಂಧೀಜಿ ಜನಿವಾರಕ್ಕೆ ಒಪ್ಪಲಿಲ್ಲ. ಶಿಖೆಯನ್ನು ಮಾತ್ರ ಮತ್ತೆ ಬಿಟ್ಟರು.

ನಮ್ಮ ಕಡೆ ಕ್ರಾಪು ಬಂತು. ಕ್ರಾಪು ಬಿಡುವುದು ಅನ್ನುವ ಮಾತೇ ತಮಾಷೆ. ಕತ್ತರಿಸುವುದಕ್ಕೆ ‘ಬಿಡುವುದು’ ಯಾಕೆ? ಅಲ್ಲಿತನಕ ಬೋಳಾಗಿದ್ದ ಮುಂದಲೆಯಲ್ಲಿ ಕೂದಲು ಬಿಡಬೇಕಿತ್ತು, ಅದಕ್ಕೆ. ನಮ್ಮ ತಾತನ ತಮ್ಮ ಓದಲು ಮೈಸೂರಿಗೆ ಹೋದವರು ಕ್ರಾಪು ಬಿಟ್ಟುಕೊಂಡು ಬಂದಿದ್ದರಂತೆ. ಅವರಮ್ಮ ಮೂರು ದಿನ ಒಳಗೆ ಎಲೆ ಹಾಕಲಿಲ್ಲ, ಹಜಾರದಲ್ಲೇ ಊಟ. ನಾಲ್ಕನೇ ದಿನ ಅವರಿಗೆ ಸರ್ಕಾರಿ ಕೆಲಸದ ಕಾಗದ ಬಂತು. ಕ್ರಾಪು ಅಡುಗೆಮನೆಗೆ ಬಂತು.

ಕ್ಷೌರದ ಕಸುಬೂ ಇದರ ಜೊತೆ ಬದಲಾಯಿತು. ಜುಟ್ಟಿಗೆ ಕತ್ತಿ ಸಾಕು. ಊರಿನ ಕ್ಷೌರಿಕರು ಮನೆ ಹಿತ್ತಲಿಗೆ ಬರುತ್ತಿದ್ದರು, ಸುಗ್ಗಿಯಲ್ಲಿ ಕಣದಿಂದ ಆಯ ಪಡೆಯುತ್ತಿದ್ದರು. ಕ್ರಾಪಿಗೆ ಕತ್ತರಿ, ಮಿಷಿನ್ನು, ಹಿಂದೆ-ಮುಂದೆ ಕನ್ನಡಿ, ತಿರುಗುವ ಕುರ್ಚಿ ಬೇಕು. ಹಾಗಾಗಿ ತಲೆ ಕ್ಷೌರಿಕನ ಅಂಗಡಿಗೆ ಹೋಗುವ ಕಾಲ ಬಂತು. ಕಾಳಿನ ಬದಲು ಕಾಸು ಬಂತು. ಕುರ್ಚಿ ಎಲ್ಲರಿಗೂ ಒಂದೇ ಆಗಬೇಕಿತ್ತು, ಆಗಲಿಲ್ಲ. ದಲಿತರಿಗೆ ಕಟಿಂಗ್ ಮಾಡುವುದಿಲ್ಲ ಅನ್ನುವ ಹಳ್ಳಿಗಳ ಸುದ್ದಿ ಈಗಲೂ ಪೇಪರಿನಲ್ಲಿ ಬರುತ್ತದೆ.

ಇಲ್ಲೇ ಕಥೆ ಮಗುಚಿಕೊಳ್ಳುವುದು. ಒಂದು ತಲೆಮಾರಿನಲ್ಲಿ ಮ್ಲೇಚ್ಛರ ವೇಷ ಅನ್ನಿಸಿಕೊಂಡಿದ್ದ ಕ್ರಾಪು, ಇನ್ನೆರಡು ತಲೆಮಾರಿನಲ್ಲಿ ‘ನಮ್ಮ ಸಂಸ್ಕೃತಿ’ಯ ಗಂಡಸಿನ ಲಕ್ಷಣವಾಯಿತು. 1970ರ ದಶಕದಲ್ಲಿ ಹುಡುಗರು ಕಿವಿ ಮುಚ್ಚುವ ಹಿಪ್ಪಿ ಕಟ್ ಬಿಟ್ಟಾಗ ದೊಡ್ಡವರು ಬೈದದ್ದು, "ಇದೇನು ಫಾರಿನ್ ಹುಚ್ಚು" ಅಂತ. ತುರುಬು ಕಟ್ಟಿದ ವೀರರ ಮೊಮ್ಮಕ್ಕಳು ಇಂಗ್ಲಿಷರಿಂದ ಕಲಿತ ಕಟಿಂಗ್ ಉಳಿಸಲು ಉದ್ದ ಕೂದಲನ್ನು ಪರದೇಶದ್ದು ಅನ್ನುತ್ತಿದ್ದರು! ನಮ್ಮಲ್ಲಿ ಬೈಗುಳಕ್ಕೆ ನಿಂತದ್ದು ಸಿಂಗಪುರದಲ್ಲಿ ಸರ್ಕಾರದ ಕೆಲಸವೇ ಆಯಿತು. ಉದ್ದ ಕೂದಲಿನ ಗಂಡಸರಿಗೆ ಕೊನೆಯಲ್ಲಿ ಸೇವೆ ಅಂತ ಕಚೇರಿಗಳಲ್ಲಿ ಬೋರ್ಡು ಹಾಕಿದ್ದರು. 1972ರಲ್ಲಿ ಲೆಡ್ ಜೆಪ್ಲಿನ್ ಅನ್ನುವ ರಾಕ್ ತಂಡದ ಕಾರ್ಯಕ್ರಮ ಅವರ ಕೂದಲಿನ ಕಾರಣಕ್ಕೇ ರದ್ದಾಯಿತು.

ಸಡಿಲವಾದದ್ದು ಯಾವಾಗ? ಒಂದು ದಿನ ಅಂತ ಹೇಳಲಾಗದು. ನನ್ನ ವಯಸ್ಸಿನವರಿಗೆ ನೆನಪಿರುವುದು 2006ರ ಫೆಬ್ರವರಿ. ಲಾಹೋರಿನಲ್ಲಿ ಮ್ಯಾಚ್ ಮುಗಿದ ಮೇಲೆ ಪಾಕಿಸ್ತಾನದ ಅಧ್ಯಕ್ಷ ಮುಷರಫ್ ಮೈಕ್ ಮುಂದೆ ನಿಂತು, ಧೋನಿಗೆ ಕೂದಲು ಕತ್ತರಿಸಬೇಡ, ಚೆನ್ನಾಗಿ ಕಾಣುತ್ತೀಯ ಅಂದರು. ಅಪ್ಪಂದಿರು ಬಾಯಿ ಮುಚ್ಚಿದರು. 2018ರಲ್ಲಿ ಕೆಜಿಎಫ್ ಬಂದ ಮೇಲಂತೂ ಯಶ್ ಗಡ್ಡ, ಯಶ್ ಕೂದಲು ತಾಲ್ಲೂಕು ಕೇಂದ್ರಗಳ ಸಲೂನಿನ ಗೋಡೆಗೂ ಅಂಟಿಕೊಂಡವು.

ಹಾಗಂತ ಯಾರೂ ಜುಟ್ಟು ಬಿಟ್ಟುಕೊಟ್ಟಿಲ್ಲ. ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯಶಿಕ್ಷಕರು 2023ರಲ್ಲಿ ಊರಿನ ಸಲೂನಿನವರಿಗೆ ಪತ್ರ ಬರೆದರು. ಹುಡುಗರಿಗೆ ‘ಹೆಬ್ಬುಲಿ’ ಕಟಿಂಗ್ ಮಾಡಬೇಡಿ ಅಂತ. ಸುದೀಪ್ ಸಿನಿಮಾದ ಆ ಕಟಿಂಗ್ ಉದ್ದ ಕೂದಲಿನದೇ ಅಲ್ಲ. ಪಕ್ಕಗಳಲ್ಲಿ ನುಣ್ಣಗೆ ತೆಗೆದು ಮೇಲೆ ಮಾತ್ರ ಉಳಿಸುವುದು. ಶಾಲೆಗೆ ಬೇಕಿದ್ದದ್ದು ಎಲ್ಲ ತಲೆಯೂ ಒಂದೇ ಥರ ಇರುವುದು. ಆದರೆ ಒಂದು ನಿಮಿಷ ಯೋಚಿಸಿ. ಸುತ್ತ ಬೋಳು, ನೆತ್ತಿಯಲ್ಲಿ ಕೂದಲು. ಅದನ್ನೇ ಉದ್ದ ಬಿಟ್ಟು ಗಂಟು ಹಾಕಿದರೆ ಬೆಂಗಳೂರಿನ ಹುಡುಗರ ಮ್ಯಾನ್ ಬನ್. ತಾತ ನೋಡಿದ್ದರೆ ಗೋತ್ರ ಕೇಳುತ್ತಿದ್ದರು.

ನಂಬಿಕೆಗಳೂ ಹಾಗೇ ಇವೆ, ವೇಷ ಬದಲಿಸಿಕೊಂಡು. ಮಂಗಳವಾರ ಬಹಳಷ್ಟು ಸಲೂನುಗಳು ಬಾಗಿಲು ಹಾಕುತ್ತವೆ. ಅಯ್ಯಪ್ಪ ಮಾಲೆ ಹಾಕಿದವರು ಆಫೀಸಿಗೆ ಗಡ್ಡ, ಕೂದಲು ಬಿಟ್ಟುಕೊಂಡೇ ಬರುತ್ತಾರೆ, ಮ್ಯಾನೇಜರು ಕೇಳುವುದಿಲ್ಲ. ಹೆಂಡತಿ ಬಸುರಿ ಅಂದರೆ ಗಂಡನ ಕೂದಲು ಯಾಕೆ ಬೆಳೆದಿದೆ ಅಂತ ಹಿರಿಯರು ಕೇಳುವುದಿಲ್ಲ. ತಿರುಪತಿಯಲ್ಲಿ ಕೊಟ್ಟ ಮುಡಿ ಹರಾಜಾಗಿ ದೇವಸ್ಥಾನಕ್ಕೆ ವರ್ಷಕ್ಕೆ ನೂರು ಕೋಟಿ ರೂಪಾಯಿಗೂ ಜಾಸ್ತಿ ಬರುತ್ತದೆ. ಮಹದೇಶ್ವರ ಬೆಟ್ಟದಲ್ಲಿ ಮುಡಿಸೇವೆಗೆ ನಿಂತ ಸಾಲಿನಲ್ಲಿ ಭುಜದವರೆಗೆ ಕೂದಲಿರುವ ಹುಡುಗನನ್ನು ಯಾರೂ ತಿರುಗಿ ನೋಡುವುದಿಲ್ಲ. ಅದೇ ಹುಡುಗ ಸಂಬಂಧ ನೋಡಲು ಹೋದರೆ ಮಾತು ಬೇರೆ.

ಈಗ ಹೊಸ ಹರಕೆಯೊಂದು ಬಂದಿದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಕಳೆದುಕೊಂಡವರ ವಿಗ್‌ಗೆ ಕೂದಲು ಕೊಡುವುದು. ಎರಡು-ಮೂರು ವರ್ಷ ಬಿಟ್ಟು, ಕತ್ತರಿಸಿ, ಕೊರಿಯರ್ ಮಾಡುತ್ತಾರೆ. "ಡೊನೇಟ್ ಮಾಡೋಕೆ ಬಿಟ್ಟಿದೀನಿ" ಅಂದರೆ ನಮ್ಮ ಮಾವನಂಥವರೂ ತಲೆಯಾಡಿಸುತ್ತಾರೆ. ಕೆಲಸ ಒಳ್ಳೆಯದು, ಎರಡು ಮಾತಿಲ್ಲ. ಆದರೆ ಸುಮ್ನೆ ಕೂದಲು ಬಿಟ್ಟ ಗಂಡಸಿಗೆ ಇನ್ನೂ ಒಂದು ನೆಪ ಬೇಕಾಗಿದೆ.

ನಾನೂ ಕೊನೆಗೆ ಅದನ್ನೇ ಮಾಡಿದೆ. ದೊಡ್ಡಮ್ಮನಿಗೆ ಹೇಳಿದ ಸುಳ್ಳು ಒಳಗೆ ಚುಚ್ಚುತ್ತಿತ್ತು ಅಂತಿಟ್ಟುಕೊಳ್ಳಿ. ಹನ್ನೆರಡು ಇಂಚಾದರೂ ಬೇಕು ಅಂದಿದ್ದರು. ಕೂದಲು ತೊಳೆದು ಪೂರ್ತಿ ಒಣಗಿಸಿಕೊಂಡು ಬುಧವಾರ ಬೆಳಗ್ಗೆ ಸಲೂನಿಗೆ ಹೋದೆ. ಹುಡುಗ ಟೇಪು ಹಿಡಿದು ಅಳೆದ. ರಬ್ಬರ್ ಬ್ಯಾಂಡ್ ಹಾಕಿ, ಇನ್ನೊಂದು ಹಾಕಿ, ಅದರ ಮೇಲೆ ಕತ್ತರಿ ಇಟ್ಟ. ಒಂದೇ ಸಲಕ್ಕೆ ಆಗುವುದಿಲ್ಲ, ಒಣಹುಲ್ಲು ಕೊಯ್ದ ಹಾಗೆ ಕರಕರ ಅನ್ನುತ್ತದೆ. ಕೊನೆಯ ಎಳೆ ಬಿಟ್ಟುಕೊಂಡಾಗ ತಲೆ ಹಗುರಾಗಿ ಮುಂದಕ್ಕೆ ವಾಲಿತು. ಅವನು ಅದನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಎತ್ತಿ ಹಿಡಿದು ಕೇಳಿದ:

"ಸಾರ್, ಜುಟ್ಟು ಕವರಿಗೆ ಹಾಕ್ಲಾ, ನಿಮ್ಮ ಕೈಗೇ ಕೊಡ್ಲಾ?"